ಪೂಜೆಗೆ ಇಟ್ಟ ಏಳನೆಯ ತೋಳು

ಪೆನ್ಸಿಲು ಮೇಲೇರುತ್ತ ಏರುತ್ತ ಬಲಕ್ಕೆ ವಾಲಿತು.

ಸುಗುಣಾ ಕೈ ನಿಲ್ಲಿಸಿದರು. ಹಲಗೆಗೆ ಅಂಟಿಸಿದ ಬಿಳಿ ಕಾಗದದಲ್ಲಿ ಈಗ ಎರಡು ಗೆರೆಗಳಿದ್ದವು. ಒಂದು ವೈಶಾಲಿ ಎಂದೋ ಎಳೆದಿಟ್ಟದ್ದು. ಬಾವಿಗೆ ಇಳಿಬಿಟ್ಟ ಹಗ್ಗದಷ್ಟು ನೆಟ್ಟಗೆ. ಇನ್ನೊಂದು ಈ ಗಳಿಗೆಯದು. ನಿದ್ದೆಯಲ್ಲಿ ಎದ್ದು ನಡೆದವರ ಹೆಜ್ಜೆಯ ಹಾಗೆ ಓರೆ.

"ಇನ್ನೊಮ್ಮೆ ಮಾಡ್ರಿ ಆಂಟಿ," ಎಂದಳು ವೈಶಾಲಿ.

"ನೂರು ಸಲ ಮಾಡಿದ್ರೂ ಅದು ಬರಿಯುದು ಇದನ್ನೇ. ಕೈಬರಹ ಬದಲಾಗುದಿಲ್ಲ ಮಗಾ."

ಡೊಂಬಿವಲಿಯ ಕೈಗಾರಿಕಾ ಪ್ರದೇಶದ ಆ ಶೆಡ್ಡಿನ ಗೋಡೆಗೆ ಒರಗಿಸಿದ ಪ್ಲೈವುಡ್ ಹಲಗೆ ಒಂದು ಗಾಡಿಯ ಹಿಂಭಾಗದಷ್ಟೇ ಅಗಲ. ಎಡಕ್ಕೊಂದು, ಬಲಕ್ಕೊಂದು ಉದ್ದನೆಯ ಮರದ ಪಟ್ಟಿ. ಎರಡರ ತುದಿಯೂ ನಡುವಿನ ಗಿಡ್ಡ ಪಟ್ಟಿಯೊಂದಕ್ಕೆ ಮೊಳೆಯಲ್ಲಿ ಸಿಕ್ಕಿಕೊಂಡಿದೆ. ಆ ಗಿಡ್ಡ ಪಟ್ಟಿಯ ಹೊಟ್ಟೆಗೆ ಪೆನ್ಸಿಲು ಚುಚ್ಚಿದೆ. ನಿಜದ ಗಾಡಿಯಲ್ಲಿ ಪೆನ್ಸಿಲಿನ ಜಾಗದಲ್ಲಿರುವುದು ಹಿಂದಿನ ಚಕ್ರಗಳ ಅಚ್ಚು, ಆಕ್ಸಲ್. ಹೊಂಡ ಬಂದರೆ ಅದು ಇಳಿಯಬೇಕು, ಉಬ್ಬು ಬಂದರೆ ಏರಬೇಕು. ಪಕ್ಕಕ್ಕೆ ಮಾತ್ರ ಸರಿಯಬಾರದು. ಸಂತೆಯಲ್ಲಿ ಮಗುವಿನ ಎರಡು ಕೈಯನ್ನು ಇಬ್ಬರು ಹಿಡಿದು ನಡೆಸುವ ಹಾಗೆ ಎರಡು ತೋಳುಗಳು ಅದನ್ನು ಆಚೀಚೆಯಿಂದ ಹಿಡಿದಿರುತ್ತವೆ.

ನವಿ ಮುಂಬಯಿಯ ಪಾಮ್ ಬೀಚ್ ರಸ್ತೆಯ ತಿರುವಿನಲ್ಲಿ ಒಬ್ಬರು ಕೈ ಬಿಟ್ಟಿದ್ದರು. ಎಡದ ತೋಳು ಹರಿದು, ಹಳೆಯ ಕೆನೆಬಣ್ಣದ ಫಿಯಾಟ್ ಗಾಡಿಯ ಬಾಲ ಜಾರಿ, ದೀಪದ ಕಂಬಕ್ಕೆ ಬಡಿದಿತ್ತು. ಗಾಡಿಯ ಒಡೆಯ ರಮಾಕಾಂತ, ಥಾಣೆಯ ವರ್ತಕ ನಗರದಲ್ಲಿ ಹೋಟೆಲು ನಡೆಸುವ ಉಡುಪಿಯವರು, ನೆರೂಳಿನ ಆಸ್ಪತ್ರೆಯಲ್ಲಿ ಅಂದಿನಿಂದ ಕಣ್ಣು ತೆರೆದಿರಲಿಲ್ಲ.

ಹಳೆಯ ಗಾಡಿಗಳನ್ನು ಹೊಸದು ಮಾಡುವ ತನ್ನ ಈ ಶೆಡ್ಡಿನಲ್ಲಿ ಆ ತೋಳುಗಳನ್ನು ಲೆಕ್ಕ ಹಾಕಿ ಮಾಡಿಸಿದವಳು ವೈಶಾಲಿ. ತಪ್ಪು ಅವಳ ಡಿಸೈನಿನದೇ ಎಂದು ಪೊಲೀಸರು ಬಾಯಲ್ಲೇ ತೀರ್ಮಾನ ಮಾಡಿಯಾಗಿತ್ತು. ಸೋಮವಾರ ಪೊಲೀಸ್ ಸ್ಟೇಷನ್ನಿಗೆ ಹೋಗಬೇಕು. ರಮಾಕಾಂತರಿಗೆ ಏನಾದರೂ ಆದರೆ ಅವಳು ಅಲ್ಲಿಂದ ಮನೆಗೆ ಬರುವುದಿಲ್ಲ.

ಮೂವತ್ತು ವರ್ಷ ವಿಮೆಯವರ ಪರವಾಗಿ ಅಪ್ಪಚ್ಚಿಯಾದ ಗಾಡಿಗಳನ್ನು ನೋಡಿದ ಸುಗುಣಾರಿಗೆ ಅಂಥ ತೀರ್ಮಾನಗಳ ಮೇಲೆ ಬಹಳ ನಂಬಿಕೆಯಿರಲಿಲ್ಲ. ನಿವೃತ್ತರಾಗಿ ಠಾಕುರ್ಲಿಯ ಮನೆಯಲ್ಲಿ ಕುಳಿತವರನ್ನು ವೈಶಾಲಿಯ ಅವ್ವ ಗಿರಿಜವ್ವ ಕೈಹಿಡಿದು ಎಬ್ಬಿಸಿಕೊಂಡು ಬಂದಿದ್ದರು.

ಸುಗುಣಾ ಪರ್ಸಿನಿಂದ ಒಂದು ನೂಲಿನ ಸುರುಳಿ ತೆಗೆದರು. ಬಾಡಿದ ಮೊಗ್ಗೊಂದು ಇನ್ನೂ ಅದಕ್ಕೆ ಅಂಟಿತ್ತು.

"ಪೊಲೀಸರ ಯಾರ್ಡಿನಲ್ಲಿ ಟೇಪು ತೆಗೆದ ಕೂಡ್ಲೆ ಹವಾಲ್ದಾರ 'ಓ ಮಾವಶಿ' ಅಂತ ತಡೆಯಲಿಕ್ಕೆ ಬಂದ. ಮುಡಿದ ಗಜರೆಯ ನೂಲು ಬಿಚ್ಚಿದ್ರೆ ಎಂತ ಹೇಳ್ತಾನೆ? ಹರಿದ ತೋಳಿನ ಉದ್ದಕ್ಕೆ ಹಿಡಿದು ಗಂಟು ಹಾಕಿಕೊಂಡು ಬಂದೆ. ಈಗ ಎಡಗಡೆ ಹಾಕಿದ ಪಟ್ಟಿ ಅದೇ ಅಳತೆಯದ್ದು."

ವೈಶಾಲಿ ನೂಲನ್ನು ಬಲಗಡೆಯ ಪಟ್ಟಿಯ ಮೇಲೆ ಎಳೆದು ಹಿಡಿದಳು. ಗಂಟು ಪಟ್ಟಿಯ ತುದಿಯನ್ನು ದಾಟಿ ಒಂದು ಬೆರಳಿನಷ್ಟು ಆಚೆ ನಿಂತಿತು.

"ಇದು ಉದ್ದ ಆತಲ್ರಿ. ಎರಡೂ ತೋಳು ಒಂದ ಅಳತಿ ಇರಬೇಕು. ಇರಲಿಲ್ಲಂದ್ರ..." ಅವಳು ಓರೆ ಗೆರೆಯ ಕಡೆ ನೋಡಿದಳು. "ಆಂಟಿ, ನಾ ಕೂಡಿಸಿದ್ದು ಇದಲ್ಲ."

"ಅದು ನನಗೆ ಗೊತ್ತಾಯ್ತು. ಮತ್ತೆ ಈ ಉದ್ದ ಎಲ್ಲಿಂದ ಬಂತು?"

ವೈಶಾಲಿ ಕಣ್ಣು ಮುಚ್ಚಿದಳು. ಶೆಡ್ಡಿನ ತಗಡಿನ ತೂತುಗಳಿಂದ ಇಳಿದ ಬಿಸಿಲು ನೆಲದ ತುಂಬ ರೂಪಾಯಿಯಗಲದ ಚುಕ್ಕೆಗಳಾಗಿ ಬಿದ್ದಿತ್ತು. ಪಕ್ಕದ ಕಾರ್ಖಾನೆಯ ಯಂತ್ರ ಯಾವುದೋ ಜೋಗುಳದ ಹಾಗೆ ಒಂದೇ ಸಮನೆ ಗುನುಗುತ್ತಿತ್ತು.

"ಮೊದಲಿನ ಅಳತಿ," ಎಂದಳು. "ಶುರುವಿಗೆ ಇಷ್ಟ ಇತ್ತು. ಆಮ್ಯಾಲೆ ಎಡಗಡೆ ತೋಳು ಸೈಲೆನ್ಸರಿಗೆ ತಾಗ್ತದ ಅಂತ ಗೊತ್ತಾತು. ಎರಡೂ ಕಡೆ ತೋಳು ಕಟ್ಟೋ ಬ್ರ್ಯಾಕೆಟ್ ಒಂದೊಂದು ಬೆರಳು ಒಳಗ ತಂದೆ. ಎರಡೂ ತೋಳು ಗಿಡ್ಡ ಮಾಡಿದ್ವಿ. ದಸರಾ ಮುಗಿದಮ್ಯಾಲೆ."

"ಯಾರಿಗೆಲ್ಲ ಗೊತ್ತುಂಟು ಇದು?"

"ನನಗ, ಸಂಗಮೇಶಣ್ಣಗ. ಬಸ್."

"ರಮಾಕಾಂತನಿಗೆ?"

"ರಮಾಕಾಂತಣ್ಣ ಅವಾಗ ಊರಿಗೆ ಹೋಗಿದ್ರು. ಬಂದಾಗ ಗಾಡಿ ಬಣ್ಣ ಆಗಿ ನಿಂತಿತ್ತು. ಅವರು ಬಾಗಿಲಾಗ ನಿಂತು ಅತ್ತುಬಿಟ್ರು ಆಂಟಿ. ಅವರಪ್ಪನ ಗಾಡಿ ಅಲಾ. ಅದರಾಗ ಸೈಲೆನ್ಸರಿನ ಮಾತು ಯಾರು ತೆಗೀತಾರ? ಹೇಳೋದ ಮರತೆ."

ಶೆಡ್ಡಿನ ಮೂಲೆಯಲ್ಲಿ ವೆಲ್ಡಿಂಗಿನ ಬೆಳಕು ಆರಿತು. ಸಂಗಮೇಶ ಕಪ್ಪು ಗಾಜಿನ ಮುಖವಾಡವನ್ನು ಮೇಲೆತ್ತಿದ; ಕೆಲಸವೇನೂ ಮುಗಿದ ಹಾಗೆ ಕಾಣಲಿಲ್ಲ. ಬಾಗಲಕೋಟೆ ಕಡೆಯ ಆಳು, ಐವತ್ತರ ಹತ್ತಿರ, ಶೆಡ್ಡು ಶುರುವಾದ ದಿನದಿಂದ ಇದ್ದವನು. ಸುಗುಣಾ ಅವನ ಕಡೆ ನೋಡಲಿಲ್ಲ. ನೆಲದ ಮೇಲೆ ಚೀಲ ಹಾಸಿ ಶೇಂಗಾ ಸುಲಿಯುತ್ತಿದ್ದ ಗಿರಿಜವ್ವರ ಪಕ್ಕ ಹೋಗಿ ಕುಳಿತರು.

"ಗಿರಿಜಕ್ಕ, ನಿಮ್ಮಲ್ಲಿ ಆಯುಧಪೂಜೆಗೆ ಕಬ್ಬಿಣಕ್ಕೆ ವಿಭೂತಿ ಹಚ್ಚುದುಂಟಾ?"

"ಈಬತ್ತಿ ಹಚ್ಚದ ಪೂಜಾ ಹ್ಯಾಂಗ ಆಕ್ಕೈತ್ರಿ? ಖಂಡೆ ನವಮಿ ದಿನ ಪಾನಾ, ಸುತ್ತಗಿ, ಡ್ರಿಲ್ಲು, ಎಲ್ಲಾಕ್ಕೂ ಮೂರು ಬಟ್ಟು ಎಳದೇನಿ. ಆ ಗಾಡಿ ತೋಳಿಗೂ."

"ಹರಿದ ತೋಳಿನ ಕಪ್ಪು ಬಣ್ಣ ಒಂದು ಕಡೆ ಎದ್ದಿತ್ತು. ಉಗುರು ಹಾಕಿದೆ. ಅಡಿಯಲ್ಲಿ ಬಿಳಿ ಪುಡಿ. ಮೂರು ಗೆರೆ."

"ಅವ್ವ ಎಲ್ಲಾ ತೋಳಿಗೂ ಹಚ್ಚಿದ್ಲು ಆಂಟಿ," ಎಂದಳು ವೈಶಾಲಿ. "ಆದ್ರ ಬಣ್ಣ ಹೊಡಿಯೋಕಿಂತ ಮೊದಲ ಎಲ್ಲಾನೂ ಥಿನ್ನರಿನಾಗ ತೊಳದು ಒರಸೇವಿ. ಪುಡಿ ಉಳಿಯೋದಿಲ್ಲ."

"ತೊಳೆಯದೆ ಬಣ್ಣ ಹೊಡೆದವರು ಈ ಶೆಡ್ಡಿನವರಲ್ಲ ಹಾಗಾದ್ರೆ." ಸುಗುಣಾ ಒಂದು ಶೇಂಗಾ ಬಾಯಿಗೆ ಹಾಕಿಕೊಂಡರು. "ಗಿರಿಜಕ್ಕ, ನವಮಿ ದಿನ ತೋಳು ಎಷ್ಟಿದ್ದವು?"

"ಎಣಸಾಕ ನನಗೇನ ಗೊತ್ತ್ರೀ ಅದು? ತಡೀರಿ." ಮುದುಕಿಯ ಕೈ ಗಾಳಿಯಲ್ಲಿ ನಿಂತಿತು. "ವೈಶಾಲಿ ಹೇಳಿದ್ಲು, ಉದ್ದಕ್ಕ ನಾಕು, ಅಡ್ಡಕ್ಕ ಎರಡು, ಆರು ಹೂವು ತಾ ಅವ್ವ ಅಂತ. ಆರು ಸೇವಂತಿಗಿ ತಂದೆ. ಹಚ್ಚಕೋತ ಹೋದ್ರ ಕಡೀಕೊಂದು ಬರೇ ತಲೀಲೆ ಮಲಗಿತ್ತು. ಹೂವು ಇಲ್ಲದ್ದು ಇರಬಾರದು ಅಂತ ದೇವಿ ಫೋಟೋದ ಮಾಲಿಯೊಳಗಿಂದ ಒಂದು ಹೂವು ಕಿತ್ತಿಟ್ಟೆ. ತಾಯಿ ಮಾಲಿಗೆ ಕೈ ಹಚ್ಚಿದೆನಲ್ಲ ಅಂತ ಮನಸಿಗೆ ಚುಳ್ ಅಂದಿತ್ತು. ಅದಕ್ಕ ನೆನಪೈತಿ."

"ಏಳು."

"ಹೌದ್ರಿ. ಏಳು."

ವೈಶಾಲಿ ನಿಧಾನವಾಗಿ ತಿರುಗಿದಳು.

"ಸಂಗಮೇಶಣ್ಣ," ಎಂದಳು. "ಕಚ್ಚಾ ತೋಳು?"

ಅವನು ನೆಲ ನೋಡಿದ. ಅದೇನೆಂದು ಅವಳೇ ಸುಗುಣಾರಿಗೆ ಹೇಳಿದಳು. ಹೊಸ ಗಾಡಿಗೆ ತೋಳು ಮಾಡುವ ಮೊದಲು ಬೆಳ್ಳಗೆ ಹೊಳೆಯುವ ತೆಳು ಪೈಪಿನಲ್ಲಿ ಒಂದು ಸುಳ್ಳು ತೋಳು ಮಾಡುತ್ತಾರೆ. ಅದನ್ನು ಕೂಡಿಸಿ, ಆಕ್ಸಲನ್ನು ಜಾಕಿನಲ್ಲಿ ಏರಿಸಿ ಇಳಿಸಿ, ಎಲ್ಲಿ ತಾಗುತ್ತದೆ ನೋಡುತ್ತಾರೆ. ಕಪ್ಪು ಬಣ್ಣ ಹೊಡೆದರೆ ಹೊರಗಿನಿಂದ ನಿಜದ್ದರ ಹಾಗೇ; ಕಣ್ಣಿಗೆ ವ್ಯತ್ಯಾಸ ತಿಳಿಯದು. ಕೈಗೆ ಮಾತ್ರ ಪರದೆ ಕಟ್ಟುವ ಕೊಳವೆಯಷ್ಟು ಹಗುರ. ಆದ್ದರಿಂದ ಶೆಡ್ಡಿನಲ್ಲಿ ಒಂದು ನಿಯಮ: ಕೆಲಸ ಮುಗಿದ ಕೂಡಲೇ ಅದನ್ನು ಗ್ರೈಂಡರಿನಿಂದ ಎರಡು ತುಂಡು ಮಾಡಬೇಕು. ಯಾರೂ ತಪ್ಪಿ ಗಾಡಿಗೆ ಹಾಕಬಾರದು.

"ಕೊಯ್ದೆ ಅಂತ ನನಗ ಹೇಳಿದ್ದಿ ನೀ."

"ಹೇಳಿದ್ದೆ," ಎಂದ ಸಂಗಮೇಶ.

"ಕೊಯ್ದಿದ್ದಿ?"

"ಹ್ಯಾಂಗ ಕೊಯ್ಲಿ ತಂಗಿ?" ಅವನು ಗ್ರೈಂಡರಿನ ಕಡೆ ಕೈ ತೋರಿಸಿದ. "ಸಾಲಿನಾಗ ನಾನ ಇಟ್ಟಿದ್ದೆ ಅದನ್ನ. ನನ್ನ ಕೈಲೆ ಮಾಡಿದ ಕಬ್ಬಿಣ. ಅದೊಂದ ಪೂಜಾದ ಹೊರಗ ಬಿದ್ದಿರಬಾರದು ಅಂತ. ಅವ್ವಾರು ಈಬತ್ತಿ ಹಚ್ಚಿದ್ರು. ತಾಯಿ ಕೊಳ್ಳಾಗಿನ ಹೂವು ಇಟ್ಟಿದ್ರು. ಮರುದಿನ ಗ್ರೈಂಡರ್ ಹಿಡದು ಅದರ ಮುಂದ ನಿಂತೆ. ಸ್ವಿಚ್ಚು ಒತ್ತಾಕ ಬೆರಳ ಏಳಲಿಲ್ಲ. ಪೂಜಾ ಆದದ್ದಕ್ಕ ಗರಗಸ ಹಚ್ಚಿದ್ರ ಕೈ ಬಿದ್ದು ಹೋಕ್ಕಾವು."

"ಈಗ ನನ್ನ ಕೈಗೆ ಬೇಡಿ ಬೀಳ್ತದಲ್ಲೋ ಅಣ್ಣಾ!"

"ವೈಶಾಲಿ," ಎಂದರು ಸುಗುಣಾ ಮೆಲ್ಲಗೆ. ಆಮೇಲೆ ಸಂಗಮೇಶನ ಎದುರು ಹೋಗಿ ನಿಂತರು. "ಗಾಡಿಗೆ ಅದನ್ನು ನೀನು ಹಾಕಿದ್ದಾ?"

"ದೇವ್ರಾಣಿ ಇಲ್ರಿ."

"ಆಣೆ ಬೇಡ. ನೀನು ಹಾಕ್ಲಿಲ್ಲ ಅಂತ ಈ ನೂಲೇ ಹೇಳ್ತದೆ. ಬ್ರ್ಯಾಕೆಟ್ ಒಳಗೆ ತಂದದ್ದು ನಿನಗೆ ಗೊತ್ತುಂಟು. ಗೊತ್ತಿದ್ದವ ಉದ್ದದ ತೋಳನ್ನು ಆ ಗಾಡಿಗೆ ಹಿಡಿಯುದೇ ಇಲ್ಲ. ಹಾಕಿದವರಿಗೆ ಅದು ಕೂತಿರ್ಲಿಲ್ಲ. ಜಾಕ್ ಕೊಟ್ಟು ದೂಡಿ ಕೂರಿಸಿದ್ದಾರೆ, ಬೋಲ್ಟಿನ ತೂತು ಕೆರೆದು ಹೋಗಿತ್ತು. ಈಗ ಹೇಳು. ಕೊಯ್ಯದೆ ಅದನ್ನು ಎಂತ ಮಾಡಿದೆ?"

ಸಂಗಮೇಶ ಮುಖವಾಡವನ್ನು ತಲೆಯಿಂದ ತೆಗೆದು ಎದೆಗೆ ಹಿಡಿದುಕೊಂಡ.

"ತಾಯಿ ಫೋಟೋದ ಬಾಜೂ ತೂಗು ಹಾಕಿದ್ದೆ. ದಶಮಿ ಸಂಜಿಗೆ ಬನ್ನಿ ಕೊಡಾಕ ಬಂದ್ರು. ಅದನ್ನ ನೋಡಿ, 'ಸಂಗಮೇಶ, ಇದು ನನಗಿರಲಿ ಮಾರಾಯ, ಗಲ್ಲಾದ ಹಿಂದ ತೂಗು ಹಾಕತೇನಿ, ನಮ್ಮಪ್ಪನ ಗಾಡಿ ಎಲುಬು' ಅಂದ್ರು. ದೇವರದ್ದು ದೇವರಂಥವರ ಹಂತೇಕ ಹೋಗಲಿ ಅಂತ ಕೊಟ್ಟೆ."

"ಯಾರು?" ಎಂದಳು ವೈಶಾಲಿ.

"ಇನ್ಯಾರು? ರಮಾಕಾಂತಣ್ಣ."

ಗಿರಿಜವ್ವರ ಮಡಿಲಿಂದ ಶೇಂಗಾ ಸಿಪ್ಪೆಗಳು ಫ್ಯಾನಿನ ಗಾಳಿಗೆ ಹಾರಿ ಬಿಸಿಲಿನ ಚುಕ್ಕೆಗಳ ಮೇಲೆ ತೇಲಿದವು.

"ಪ್ರತಿ ಐತವಾರ ಬರ್ತಿದ್ರು ಇಲ್ಲಿ," ಎಂದಳು ವೈಶಾಲಿ, ತನಗೇ ಎಂಬ ಹಾಗೆ. "ಕಾಯಿ ತುರಿಯೋ ಮಷಿನ್ನಿನಾಗ ಬಲಗೈ ನಡುಬೆರಳು ಅರ್ಧ ಹೋಗೇದ. ಆದ್ರೂ ಪಾನಾ ಹಿಡೀತೇನಿ ಅಂತ ಹಟ. ಬೋಲ್ಟ್ ಬಿಚ್ಚೋದು, ಕಟ್ಟೋದು ಎಲ್ಲಾ ಕಲತ್ರು. ಗಾಡಿ ದೋಣಿ ಹಂಗ ತೇಲಬೇಕು ವೈಶಾಲಿ ಅಂತಿದ್ರು."

ಸುಗುಣಾ ನೂಲನ್ನು ಸುತ್ತಿ ಪರ್ಸಿಗೆ ಹಾಕಿಕೊಂಡರು. "ನಾನು ವರ್ತಕ ನಗರಕ್ಕೆ ಹೋಗಿ ಬರ್ತೇನೆ. ಗಲ್ಲಾದ ಹಿಂದಿನ ಆ ಮೊಳೆ ಖಾಲಿ ಉಂಟಾ ನೋಡ್ಬೇಕು."

*

ಮಧ್ಯಾಹ್ನದ ಸ್ಲೋ ಲೋಕಲ್ಲಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಮುಂಬ್ರಾ ದಾಟುವಾಗ ಖಾಡಿಯ ಹಿನ್ನೀರು ಬಿಸಿಲಿಗೆ ತವರದ ತಗಡಿನಂತೆ ಮಲಗಿತ್ತು. ಎದುರಿನ ಹೆಂಗಸು ಮೆಂತ್ಯೆ ಸೊಪ್ಪು ಬಿಡಿಸುತ್ತ ಅರ್ಧ ನಿದ್ದೆಯಲ್ಲಿದ್ದಳು. ಕೈ ಮಾತ್ರ ಎಚ್ಚರವಿತ್ತು. ರೈಲಿನ ಡಬ್ಬಿ ತೂಗಿದಂತೆಲ್ಲ ಸುಗುಣಾರಿಗೂ ಕಣ್ಣು ತೂಗಿತು. ರೆಪ್ಪೆಯ ಹಿಂದೆ ಪೆನ್ಸಿಲೊಂದು ಏರುತ್ತಲೇ ಇತ್ತು, ವಾಲುತ್ತಲೇ ಇತ್ತು.

ಮೊಳೆ ಖಾಲಿ ಇರುತ್ತದೆ. ಯಾರೋ ಕದ್ದಿರುತ್ತಾರೆ. ಕದ್ದವರು ಯಾರೆಂದು ಹೋಟೆಲಿನವರನ್ನು ಕೇಳಬೇಕು. ಅವರು ಅಂದುಕೊಂಡದ್ದು ಇಷ್ಟೆ.

ಮೊಳೆ ಖಾಲಿ ಇರಲಿಲ್ಲ.

ಥಾಲಿಯ ಗಿರಾಕಿಗಳು ಎದ್ದುಹೋಗಿ, ಸಂಜೆಯ ವಡೆ ಇನ್ನೂ ಎಣ್ಣೆಗೆ ಬೀಳದ ಹೊತ್ತು. ಹೋಟೆಲಿನಲ್ಲಿ ಒರೆಸಿದ ಮೇಜುಗಳು ಮಾತ್ರ ಇದ್ದವು. ಗಲ್ಲಾದಲ್ಲಿ ಕುಳಿತಿದ್ದವನು ಮನೀಶ, ರಮಾಕಾಂತರ ತೀರಿಹೋದ ಅಣ್ಣನ ಮಗ, ಹೋಟೆಲಿನ ಅರ್ಧ ಪಾಲಿನ ಒಡೆಯ; ಸುಗುಣಾರಿಗೆ ಮೊದಲಿನಿಂದ ಗೊತ್ತಿದ್ದ ಹುಡುಗ. ಅವನ ತಲೆಯ ಹಿಂದೆ, ಕೃಷ್ಣನ ಫೋಟೋದ ಕೆಳಗೆ, ಎರಡು ಮೊಳೆಗಳ ಮೇಲೆ ಬೆಳ್ಳಿಬಣ್ಣದ ತೋಳೊಂದು ಅಡ್ಡ ಮಲಗಿತ್ತು. ನಡುವಿನಲ್ಲಿ ಮೂರು ಗೆರೆ. ತುದಿಯಲ್ಲಿ ಒಣಗಿದ ಸೇವಂತಿಗೆ.

"ಅರೇ ಸುಗುಣಾ ಆಂಟಿ, ಬೈಠೋ ನಾ. ಕಾಫಿ ಹೇಳ್ಲಾ?" ಎಂದ ಮನೀಶ. ನಿದ್ದೆಗೆಟ್ಟ ಕಣ್ಣು.

"ಆಮೇಲೆ ಆಗ್ಲಿ. ಅದನ್ನೊಮ್ಮೆ ಕೆಳಗೆ ಕೊಡು ಮಗಾ."

"ಯೇ ರಾಡ್? ಚಿಕ್ಕಪ್ಪನ ಪ್ರಸಾದ ಅದು. ಗಿರಾಕಿ ಲೋಗ್ ಕೂಡ ನಮಸ್ಕಾರ ಮಾಡ್ತಾರೆ, ಕಾಯ್ ಸಾಂಗೂ, ಎಂತ ಹೇಳ್ಲಿ!"

ಅವನು ಎದ್ದು ತೆಗೆದು ಕೊಟ್ಟ. ಸುಗುಣಾರ ಮಣಿಗಂಟು ಧಡಕ್ಕನೆ ಕೆಳಗೆ ಬಾಗಿತು.

ಭಾರ.

ಅವರು ಹತ್ತಿರದ ಮೇಜಿನ ಮೇಲೆ ಅದನ್ನು ಮಲಗಿಸಿದರು. ನೂಲು ತೆಗೆದು ಉದ್ದಕ್ಕೆ ಹಿಡಿದರು. ಗಂಟು ಒಂದು ಬೆರಳು ಆಚೆ ನಿಂತಿತು. ಅಂದರೆ ಇದು ಗಿಡ್ಡ. ವೈಶಾಲಿ ಕಡೆಗೆ ಮಾಡಿಸಿದ ಅಳತೆ. ಉಗುರಿನಿಂದ ಬೆಳ್ಳಿಬಣ್ಣ ಕೆರೆದರು. ಕಿಟಕಿಯ ಗ್ರಿಲ್ಲಿಗೆ ಹೊಡೆಯುವ ಅಗ್ಗದ ಬಣ್ಣ, ಸಿಪ್ಪೆಯ ಹಾಗೆ ಎದ್ದಿತು. ಅಡಿಯಲ್ಲಿ ಕಪ್ಪು.

ವೈಶಾಲಿಯ ನಿಜವಾದ ತೋಳು ಇಷ್ಟು ದಿನ ಗೋಡೆಯ ಮೇಲೆ ಹೂ ಮುಡಿದು ಮಲಗಿತ್ತು. ಒಂದು ಗೀರು ಇಲ್ಲ, ಒಂದು ಬಿರುಕು ಇಲ್ಲ. ಅವಳನ್ನು ಉಳಿಸಲು ಇಷ್ಟೇ ಸಾಕು. ಸುಗುಣಾರಿಗೆ ಕುಣಿಯಬೇಕೆನ್ನಿಸಿತು, ಮೊಣಕಾಲು ಒಪ್ಪಲಿಲ್ಲ.

ಮೇಲೆ ಎಳೆದ ಮೂರು ಗೆರೆಗಳ ಹತ್ತಿರ ಮೂಗು ತಂದರು.

ವಿಭೂತಿಗೆ ವಾಸನೆ ಇರುವುದಿಲ್ಲ. ಇದಕ್ಕಿತ್ತು. ತಣ್ಣನೆಯ, ಬೆಳಗಿನ ದೇವರ ಕೋಣೆಯ ವಾಸನೆ.

"ಮನೀಶ, ಇಲ್ಲಿ ಗಂಧ ತೇಯುವುದು ಯಾರು?"

"ಚಿಕ್ಕಪ್ಪನೇ. ಔರ್ ಕೋಯೀ ನಹೀ. ಆ ಕಲ್ಲು ನಾವು ಮುಟ್ಟಿದ್ರೆ ಮೈಲಿಗೆ ಅಂತಾರೆ, ತೊಳೆದು ತೊಳೆದು ಸಾಕು ಮಾಡ್ತಾರೆ. ಅವರು ಆಸ್ಪತಾಲ್‌ಗೆ ಹೋದ ಮೇಲೆ ದೇವರಿಗೆ ಗಂಧಾನೇ ಇಲ್ಲ."

ಸುಗುಣಾ ತಮ್ಮ ಮೂರು ಬೆರಳು ಜೋಡಿಸಿ ಗೆರೆಗಳ ಮೇಲಿಟ್ಟು ನೋಡಿದರು. ಮೇಲಿನದೂ ಕೆಳಗಿನದೂ ಒಂದೇ ಎಳೆತದಲ್ಲಿ ಬಂದಿದ್ದವು. ಒಂದೇ ದಪ್ಪ, ಒಂದೇ ಬಾಗು. ನಡುವಿನದು ಸಪೂರ, ಓರೆ. ಅದನ್ನು ಆಮೇಲೆ ಬೇರೆ ಬೆರಳಿನಿಂದ ತುಂಬಿದ್ದರು. ಮೊದಲ ಸಲ ಎಳೆದಾಗ ಆ ಕೈಯ ನಡುಬೆರಳು ಕಬ್ಬಿಣವನ್ನು ಮುಟ್ಟಿರಲಿಲ್ಲ.

ಮುಟ್ಟಲು ಅದು ಅರ್ಧವೇ ಇತ್ತು.

ಕೈಬರಹ ಬದಲಾಗುವುದಿಲ್ಲ ಎಂದು ಬೆಳಿಗ್ಗೆ ಅವರೇ ಹೇಳಿದ್ದರು.

ಸುಗುಣಾ ಕುರ್ಚಿ ಎಳೆದುಕೊಂಡು ಕುಳಿತರು. ರಮಾಕಾಂತ ತಾನೇ ಹಗುರದ ತೋಳನ್ನು ಗೋಡೆಯಿಂದ ಇಳಿಸಿ, ಕಪ್ಪು ಹೊಡೆದು, ಹೋಟೆಲಿನ ಹಿಂದೆ ನಿಂತ ತನ್ನ ಅಪ್ಪನ ಗಾಡಿಗೆ ಹಾಕಿದ್ದ. ಬಿಚ್ಚಿದ ನಿಜದ ತೋಳಿಗೆ ಬೆಳ್ಳಿಬಣ್ಣ ಹೊಡೆದು, ವಿಭೂತಿ ಇಲ್ಲದ್ದಕ್ಕೆ ಗಂಧದ ಗೆರೆ ಎಳೆದು, ಹೂವನ್ನೂ ಮರೆಯದೆ ಗೋಡೆಗೆ ಏರಿಸಿದ್ದ. ಆಮೇಲೆ ತಾನೇ ಅದರಲ್ಲಿ ಕುಳಿತು ಹೋದನೇ? ಸಾಯಬೇಕೆಂದಿದ್ದವನು ಗೋಡೆಯ ಮೊಳೆ ಖಾಲಿ ಕಾಣಬಾರದೆಂದು ಇಷ್ಟು ಕಷ್ಟಪಡುತ್ತಾನೆಯೇ?

"ಮಗಾ, ಆ ದಿನ ಗಾಡಿ ನವಿ ಮುಂಬಯಿಗೆ ಹೊರಟದ್ದು ಎಂತಕ್ಕೆ?"

"ಹಳೇ ಗಾಡಿಗಳ ಮೇಳ ಇತ್ತಲ್ಲ, ಉಧರ್." ಮನೀಶ ಮೇಜಿನ ಮೇಲಿನ ತೋಳನ್ನೇ ನೋಡುತ್ತಿದ್ದ. "ಆಕ್ಚುಲೀ ಗಾಡಿ ಓಡಿಸೋದು ನಾನಿತ್ತು. ಚಿಕ್ಕಪ್ಪನೇ ಹೇಳಿದ್ರು, ನೀನು ಓಡಿಸು, ನಾನು ಟ್ರೇನಲ್ಲಿ ಬರ್ತೀನಿ ಅಂತ. ನಾನು ಸೀಟ್ ಮೇಲೆ ಕೂತೂ ಆಗಿತ್ತು. ಗೇಟ್ ತನಕ ಬಂದು ಬಾಯ್ ಮಾಡಿದ್ರು. ಆಮೇಲೆ ಎಂತ ಆಯ್ತೋ, ಓಡಿ ಬಂದು ಬಾಗಿಲು ತೆಗೆದು, 'ಇಳಿ ನೀನು, ಇಳಿ' ಅಂತ ಕಾಲರ್ ಹಿಡಿದು ಎಳೆದು, ಅವರೇ ಕೂತ್ಕೊಂಡು ಹೋದ್ರು. ಅಳ್ತಾ ಇದ್ರು ಆಂಟಿ. ಅಪ್ಪನ ಗಾಡಿ ಅಂತ ಭಾವುಕ್ ಆದ್ರು ಅಂದ್ಕೊಂಡೆ ನಾನು."

ಒಳಗೆ ಅಡುಗೆಮನೆಯಲ್ಲಿ ಮೊದಲ ವಡೆ ಎಣ್ಣೆಗೆ ಬಿದ್ದು ಸುಂಯ್ ಎಂದಿತು.

ಆ ತೋಳು ನಿನಗೆಂದೇ ಹಾಕಿದ್ದು, ಕಡೆಯ ಗಳಿಗೆಯಲ್ಲಿ ಚಿಕ್ಕಪ್ಪನಿಗೆ ಮನಸ್ಸು ಬರಲಿಲ್ಲ ಎಂದು ಈ ಹುಡುಗನಿಗೆ ಹೇಗೆ ಹೇಳುವುದು? ಸುಗುಣಾ ಬಾಯಿ ತೆರೆಯುವ ಮೊದಲೇ ಗಲ್ಲಾದ ಮೇಲಿನ ಫೋನು ಬಡಿದುಕೊಂಡಿತು. ಶ್ರೀಪ್ರಿಯಾ, ರಮಾಕಾಂತರ ಮಗಳು. ಮನೀಶ ಸ್ಪೀಕರಿಗೆ ಹಾಕಿದ. ಆಸ್ಪತ್ರೆಯ ಕಾರಿಡಾರಿನ ಸದ್ದು ಹೋಟೆಲಿನ ತುಂಬ ಹರಡಿತು.

"ಮನೀಶಣ್ಣ! ಅಪ್ಪ ಕಣ್ಣು ಬಿಟ್ಟರು! ಮಾತಾಡಿದ್ರು!" ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ. "ನಿನ್ನನ್ನೇ ಕೇಳ್ತಾ ಇದ್ದಾರೆ. ನೀನು ಒಬ್ಬನೇ ಬರ್ಬೇಕಂತೆ. ಮತ್ತೆ ಗಲ್ಲಾದ ಹಿಂದೆ ತೋಳು ಉಂಟಲ್ಲ, ಅದನ್ನು ತಕ್ಕೊಂಡೇ ಬರ್ಬೇಕಂತೆ. ಯಾರ ಕೈಗೂ ಕೊಡ್ಬೇಡ ಅಂತ ಆಣೆ ಹಾಕಿಸ್ತಿದ್ದಾರೆ."

"ಆಯಾ, ಅಭೀ ಆಯಾ!"

ಮನೀಶನ ಮುಖ ಬೆಳಗಿತು. ಸ್ಕೂಟರಿನ ಕೀ ಎತ್ತಿಕೊಂಡು, ಗಲ್ಲಾದಿಂದ ಹೊರಗೆ ಬಂದು, ತೋಳಿನ ಒಂದು ತುದಿ ಹಿಡಿದ. ನೆರೂಳಿಗೆ ಹೋಗುವ ದಾರಿಯುದ್ದಕ್ಕೂ ಖಾಡಿ, ಸೇತುವೆ, ಕೆಸರು. ಕಬ್ಬಿಣ ಮುಳುಗಲು ಎಷ್ಟು ಹೊತ್ತು? ಅದು ಹೋದರೆ ವೈಶಾಲಿಗೆ ಬೇರೆ ಸಾಕ್ಷಿಯಿಲ್ಲ.

"ಬಿಡಿ ಆಂಟಿ. ಚಿಕ್ಕಪ್ಪ ಕೇಳ್ತಿದ್ದಾರೆ."

ಆಗ ಸುಗುಣಾರಿಗೆ ತಮ್ಮ ಬೆರಳುಗಳು ಇನ್ನೊಂದು ತುದಿಯನ್ನು ಬಿಗಿಯಾಗಿ ಹಿಡಿದಿರುವುದು ಕಂಡಿತು.

"ಬಿಡಿ ನಾ ಆಂಟಿ," ಎಂದ ಅವನು ಮತ್ತೊಮ್ಮೆ, ನಗುತ್ತಲೇ, ಮತ್ತು ಎಳೆದ.

ಅವರು ಬಿಡಲಿಲ್ಲ. ಇಬ್ಬರ ನಡುವೆ ವೈಶಾಲಿಯ ತೋಳು ಅತ್ತ ಸರಿಯದೆ, ಇತ್ತ ಸರಿಯದೆ ನಿಂತಿತು.